ಗೇಣೆತ್ತರದ ಕಲಮಿ

ದೌಲಪ್ಪನವರ ಮನೆಯಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಅದರಲ್ಲಿ ಸಿಟ್ಟು ಸೆಡವು ಏನೂ ಇರಲಿಲ್ಲ, ಮನೆಯ ರೀತಿಯೇ ಹಾಗೆ ನಡೆದುಬಂದಿತ್ತು. ಸೂಗಮ್ಮ ಹೇಳಬೇಕಾದದ್ದನ್ನು ಅತ್ತೆ ಅಂಬಮ್ಮನಿಗೆ ಹೇಳುವಳು. ಎರಡು ಹೆಜ್ಜೆ ಆಚೆ ಕಟ್ಟೆಯ ಮೇಲೆ ಕುಳಿತ ಗಂಡನಿಗೆ ಅಂಬಮ್ಮ ಅದನ್ನೇ ಮತ್ತೊಮ್ಮೆ ಹೇಳುವಳು.

"ಮಜ್ಜಿಗಿ ಹಾಕ್ಲೇನಂತ ಕೇಳಾಕತ್ತಾಳ."

"ಸಾಕಂತ ಹೇಳು."

"ಸಾಕಂತ."

ಮೂವರಿಗೂ ಎಲ್ಲ ಮೊದಲೇ ಕೇಳಿಸಿರುತ್ತಿತ್ತು. ಹನ್ನೊಂದು ವರ್ಷ ಹೀಗೆಯೇ ಸಂಸಾರ ನಡೆದಿತ್ತು, ಯಾರಿಗೂ ಇದರಿಂದ ತೊಂದರೆ ಅನಿಸಿರಲಿಲ್ಲ.

ಕಮಲಾಪುರದ ಹೊರಗೆ, ಹುಮನಾಬಾದ್ ರಸ್ತೆಗೆ ಹತ್ತಿಕೊಂಡಂತೆ, ಅವರ ಎರಡು ಎಕರೆ ಕೆಂಪು ಮಣ್ಣಿನ ನರ್ಸರಿ. ಒಂದು ಕಡೆ ಅರಣ್ಯ ಇಲಾಖೆಯವರಿಗೆಂದು ಬೇವು, ಸಾಗವಾನಿ, ಬಿದಿರಿನ ಸಸಿಗಳು. ಇನ್ನೊಂದು ಕಡೆ ಕಲಬುರಗಿಯ ಮನೆಗಳಿಗೆಂದು ಗುಲಾಬಿ, ದಾಸವಾಳ, ಕ್ರೋಟನ್. ನಡುವೆ, ಜೋಳದ ಕಣಕಿ ಹೊದಿಸಿದ ಚಪ್ಪರದ ನೆರಳಲ್ಲಿ, ಮಾವಿನ ಕಲಮಿ. ಮನೆಗೆ ಹೆಸರು ಬಂದದ್ದು ಈ ಕಲಮಿಯಿಂದ. ಜವಾರಿ, ಅಂದರೆ ನಾಟಿ ಮಾವಿನ ಓಟೆ ಊರಿ ಎಬ್ಬಿಸಿದ ಸಸಿಯ ತಲೆ ಕತ್ತರಿಸಿ, ಕಾಂಡ ಸೀಳಿ, ಅದರಲ್ಲಿ ಬೇನಿಶಾನ್ ಎಂಬ ಒಳ್ಳೆಯ ತಳಿಯ ಮರದ ಕಡ್ಡಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಎರಡೂ ಬೆಸೆದರೆ ಬೇರು ಜವಾರಿಯದು, ಹಣ್ಣು ಬೇನಿಶಾನಿನದು. ದೌಲಪ್ಪ ಹರೆಯದಲ್ಲಿ ಹೈದರಾಬಾದಿನ ಒಂದು ತೋಟದಲ್ಲಿ ಮಾಲಿಯಾಗಿದ್ದಾಗ ಕಲಿತುಬಂದ ಕೆಲಸ ಅದು.

ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಅವರು ಕಲಮಿಯ ಚಾಕುವನ್ನು ಗೋಡೆಯ ಗೂಡಿನಲ್ಲಿಟ್ಟು, "ನನ್ನ ಕೈ ನಡಗ್ತಾವ. ಚಾಕು ಅಲ್ಲಿಟ್ಟೀನಿ, ಯಾರರೆ ತಗೋಲಿ" ಎಂದರು. ಮಗ ಗುರುಲಿಂಗನಿಗೆ ಒಂದೇ ಕಡೆ ಕೂತು ಮಾಡುವ ಕೆಲಸ ಆಗಿಬರುತ್ತಿರಲಿಲ್ಲ. ಅವನು ಕಲಬುರಗಿಯ ಮನೆಗಳ ತೋಟ ನೋಡಿಕೊಳ್ಳುತ್ತಿದ್ದ. ಎರಡು ದಿನ ಚಾಕು ಗೂಡಿನಲ್ಲೇ ಇತ್ತು, ಮೂರನೆಯ ದಿನ ಸೂಗಮ್ಮ ತೆಗೆದುಕೊಂಡಳು. ಆ ಮಳೆಗಾಲ ಅವಳು ಕಟ್ಟಿದ ನೂರರಲ್ಲಿ ಎಂಬತ್ತು ಹತ್ತಿದವು. ದೌಲಪ್ಪ ಹೆಂಡತಿಯ ಕಡೆ ತಿರುಗಿ, "ಕೈ ಛಲೋ ಅದ ಅಂತ ಹೇಳು ಆಕಿಗಿ" ಎಂದರು. ಅಂಬಮ್ಮ, "ನಾ ಯಾಕ ಹೇಳ್ಲಿ, ಆಕಿಗೇನು ಕಿವಿ ಇಲ್ಲೇನು?" ಎಂದು ನಕ್ಕಳು.

ನಿಜಕ್ಕೂ ದೌಲಪ್ಪನವರ ಕೈ ನಡುಗುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಅದು ಮನೆಯವರಿಗೆ ಗೊತ್ತಿತ್ತು, ಆದರೆ ಗೊತ್ತಿಲ್ಲದವರಂತೆ ನಡೆದುಕೊಳ್ಳುತ್ತಿದ್ದರು. ತಾಟಿನಲ್ಲಿ ರೊಟ್ಟಿ ಯಾವಾಗಲೂ ಬಲಕ್ಕೆ, ಪಲ್ಯ ಎಡಕ್ಕೆ, ನೀರಿನ ಚೊಂಬು ಮೊಣಕಾಲ ಹತ್ತಿರ. ಅಂಬಮ್ಮ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ.

ಅವರಿಗೆ ಉಳಿದ ಕೆಲಸ ಚಿವುಟುವುದು. ಕಲಮಿ ಕಟ್ಟಿದ ಮೇಲೆ ಕಟ್ಟಿನ ಕೆಳಗೆ ಜವಾರಿ ಚಿಗುರು ಒಡೆಯುತ್ತಲೇ ಇರುತ್ತದೆ. ಅದನ್ನು ಬಿಟ್ಟರೆ ಬೇರಿನ ಬಲವೆಲ್ಲ ಅದಕ್ಕೇ ಹೋಗಿ ಮೇಲಿನ ಕಡ್ಡಿ ಒಣಗುತ್ತದೆ. ಗಿಡ ಹಸಿರಾಗಿಯೇ ಕಾಣುತ್ತದೆ, ಆದರೆ ಅದು ಕಲಮಿಯಲ್ಲ. ದೌಲಪ್ಪ ಗೋಣಿತಟ್ಟಿನ ಮೇಲೆ ಕುಳಿತು, ಸಾಲಿನಿಂದ ಸಾಲಿಗೆ ಸರಿಯುತ್ತ, ಬೆರಳಿನ ಲೆಕ್ಕದಲ್ಲೇ ಚಿವುಟುತ್ತಿದ್ದರು. ಎಳೆಯ ಸಸಿಗೆ ಮಣ್ಣಿನಿಂದ ನಾಲ್ಕು ಬೆರಳಿನ ಮೇಲೆ ಕಟ್ಟುವುದು ಆ ನರ್ಸರಿಯ ಪದ್ಧತಿ. ನಾಲ್ಕು ಬೆರಳಿನ ಕೆಳಗಿನದು ಕಾಡು, ಮೇಲಿನದು ನಮ್ಮದು ಎಂದು ಅವರ ಕೈಗೆ ರೂಢಿಯಾಗಿತ್ತು. ಪಟ್ಟಿ ಎಲ್ಲಿದೆ ಎಂದು ತಡವಿ ನೋಡುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ.

ಸಾವಿರದ ಒಂಬೈನೂರಾ ಎಂಬತ್ತೊಂಬತ್ತರಲ್ಲಿ ಜೂನ್ ಆರಂಭದ ಮಿರಗಿನ ಮಳೆ ತಡವಾಯಿತು. ಊರಿದ ಓಟೆಗಳು ಅರ್ಧಕ್ಕರ್ಧ ಮಣ್ಣಿನಲ್ಲೇ ಕೆಟ್ಟವು. ಆ ವರ್ಷ ದೊಡ್ಡ ಬೇಡಿಕೆ ಇತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯ ಜಹೀರುದ್ದೀನ್ ಮಾಸ್ತರರು ನೌಕರಿಯಿಂದ ನಿವೃತ್ತರಾಗಿ, ತಾಜಸುಲ್ತಾನಪುರದ ತಮ್ಮ ನಾಲ್ಕು ಎಕರೆಗೆ ನೂರೈವತ್ತು ಬೇನಿಶಾನ್ ಕೇಳಿದ್ದರು. ಅವರು ದೌಲಪ್ಪನವರ ಮಗಳು ಮಹಾನಂದಾಳ ನೆರೆಮನೆಯವರು.

ಸೂಗಮ್ಮ ಬಹಳ ಯೋಚಿಸಿದಳು. ಹಿಂದಿನ ವರ್ಷ ಮಿಕ್ಕ ಜವಾರಿ ಸಸಿಗಳು ಚೀಲದಲ್ಲೇ ಬೆಳೆದು ನಿಂತಿದ್ದವು. ಅವುಗಳ ಬುಡ ಕಟ್ಟಿಗೆಯಂತೆ ಗಟ್ಟಿಯಾಗಿತ್ತು, ಅಲ್ಲಿ ಕಡ್ಡಿ ಹತ್ತುವುದು ಸಾಧ್ಯವಿರಲಿಲ್ಲ. ಆದರೆ ಒಂದು ಗೇಣು ಮೇಲೆ ಕಾಂಡ ಇನ್ನೂ ಮೆತ್ತಗಿತ್ತು. ಅವಳು ಅಲ್ಲಿ ಕಟ್ಟಿದಳು. ಆಷಾಢದ ಹನ್ನೆರಡು ದಿನ ಬೆನ್ನೆತ್ತದೆ ಕೂತು ನೂರೆಂಬತ್ತು ಗಿಡ ಮುಗಿಸಿದಳು.

ಆಗ ಅಂಬಮ್ಮ ಮನೆಯಲ್ಲಿರಲಿಲ್ಲ. ಮಹಾನಂದಾಳಿಗೆ ಎರಡನೆಯ ಹೆರಿಗೆ ಹತ್ತಿರವಾಗಿ, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರಿಂದ, ತಾಯಿಯೇ ಅಲ್ಲಿಗೆ ಹೋಗಿದ್ದಳು. ಹಾಗಾಗಿ ಸೂಗಮ್ಮ ಗಂಡನಿಗೆ ಹೇಳಿದಳು.

"ಏನ್ರೀ, ಈ ಸಲ ಗೇಣು ಮ್ಯಾಲ ಕಟ್ಟೀನಂತ ಮಾವಾರಿಗೆ ಹೇಳ್ರಿ. ಚಿವುಟೂ ಮುಂದ ಅವರಿಗೆ ಗೊತ್ತಿರಬೇಕು."

ಗುರುಲಿಂಗ ಟೆಂಪೋದಲ್ಲಿ ಕ್ರೋಟನ್ ಕುಂಡ ಏರಿಸುತ್ತಿದ್ದ. "ಹೇಳ್ತೀನಿ."

"ಮರೀಬ್ಯಾಡ್ರಿ."

"ಹೇಳ್ತೀನಂತ ಅಂದ್ನೆಲ್ಲ. ಮೊದಲ ಆ ಹಗ್ಗದ ತುದಿ ಹಿಡಿ."

ನಾಗರಪಂಚಮಿಗೆ ಅವಳು ಚಿಂಚೋಳಿ ಕಡೆಯ ತವರಿಗೆ ಹೋದಳು. ನಾಲ್ಕು ದಿನಕ್ಕೆಂದು ಹೋದವಳು ಚಳಿಜ್ವರ ಹಿಡಿದು ಆರು ವಾರ ಮಲಗಿದಳು.

ತಿರುಗಿ ಬಂದದ್ದು ಸೆಪ್ಟೆಂಬರ್ ಕೊನೆಗೆ. ಕೈಚೀಲ ಒಳಗಿಟ್ಟು ನೀರೂ ಕುಡಿಯದೆ ಚಪ್ಪರದ ಕೆಳಗೆ ಹೋದಳು. ಅಲ್ಲಿ ಮೂವತ್ತು ಗಿಡ ಮಾತ್ರ ಇದ್ದವು. ಚೀಲಗಳಿಗೆ ಮಣ್ಣು ತುಂಬುವ ನೂರಜಹಾನ್ ಎದ್ದು ಬಂದಳು.

"ಬಂದೇನವ್ವಾ? ಎಷ್ಟು ಸೊರಗೀದಿ! ಹೊಟ್ಟಿಗೆ ಹಾಕ್ತಿದ್ದಿಲ್ಲೇನು ತವರಾಗ?"

"ಉಳಿದ ಗಿಡ ಎಲ್ಲಿ ನೂರಜಹಾನ್?"

"ಮಾಸ್ತರರ ಹೊಲಕ್ಕ ಹೋದ್ವು. ಹತ್ತು ದಿನಾ ಆತು."

ಸೂಗಮ್ಮ ಮೊದಲನೆಯ ಗಿಡದ ಮುಂದೆ ಕುಳಿತಳು. ಗೇಣೆತ್ತರದಲ್ಲಿ ತಾನು ಕಟ್ಟಿದ ಗುರುತು ಇತ್ತು, ಪಟ್ಟಿ ಇರಲಿಲ್ಲ. ಅದರ ಮೇಲೆ ಬೆರಳುದ್ದದ ಒಣ ಮೋಟು, ಅದನ್ನೂ ಯಾರೋ ಕತ್ತರಿಯಿಂದ ಚೆಂದಾಗಿ ಸವರಿದ್ದರು. ತುಂಬಿಕೊಂಡು ನಿಂತ ಎಲೆಗಳೆಲ್ಲ ಕಟ್ಟಿನ ಕೆಳಗಿನಿಂದ ಎದ್ದವು. ಒಂದು ಎಲೆ ಹರಿದು ಹೊಸಕಿ ಮೂಸಿದಳು. ಜವಾರಿ ಮಾವಿನ ಖಾರ ವಾಸನೆ. ಮೂವತ್ತರಲ್ಲಿ ನಾಲ್ಕು ಮಾತ್ರ ಬೇನಿಶಾನ್ ಇದ್ದವು.

ಮಧ್ಯಾಹ್ನ ಗುರುಲಿಂಗ ಊಟಕ್ಕೆ ಕುಳಿತಾಗ ಕೇಳಿದಳು.

"ಮಾವಾರಿಗೆ ಹೇಳಿದ್ರೇನು ನೀವು?"

"ಏನು?"

"ಗೇಣು ಮ್ಯಾಲ ಕಟ್ಟೀನಂತ."

ಅವನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಅಷ್ಟರಲ್ಲೇ ಅವಳಿಗೆ ಉತ್ತರ ಸಿಕ್ಕಿತು.

"ತುದಿ ಸವರಿದಾಂವರು ಯಾರು?"

"ನಾನೇ. ಒಣಗಿದ್ವು. ಕೆಳಗ ಹಸಿರು ಇತ್ತಲ್ಲ."

"ಒಣಗಿದ್ದೇ ಬೇನಿಶಾನ್ ರೀ. ಹಸಿರಿದ್ದದ್ದು ಜವಾರಿ. ಮಾವಾರು ನಾಕು ಬೆರಳ ಕೆಳಗಿಂದಷ್ಟೇ ಚಿವುಟ್ಯಾರ, ಮ್ಯಾಲಿಂದೆಲ್ಲಾ ನಮ್ಮದಂತ ಬಿಟ್ಟಾರ. ಒಂದು ಬ್ಯಾಸಗಿ ಕಾಣಲಾರದ ಗಿಡಾ ಹೊರಗ ಕಳಿಸಬಾರದಂತ ಅವರು ಎಷ್ಟು ಸಲ ಹೇಳ್ಯಾರ?"

"ಮಾಸ್ತರು ಉತ್ತರಿ ಮಳಿ ಅದ, ಈಗ ಹಚ್ಚತೀನಿ ಅಂದ್ರು. ಮಹಾನಂದಾಗ ಬ್ಯಾನಿ ಬಂದ ದಿನ ಆಟೋ ತಂದಾಂವರು ಅವರು. ದವಾಖಾನಿ ಮುಂದ ಮುಂಜಾನಿಂದ ಸಂಜೀತನಕ ದೊಡ್ಡ ಹುಡುಗೀನ ಆಡಿಸಿಕೋತ ಕೂತಿದ್ರು. ಅಂಥಾವರಿಗೆ ಇಲ್ಲ ಅನ್ನಾಕ ಬರ್ತಿತ್ತೇನು?"

"ಅಂಥಾವರಿಗೇ ಜವಾರಿ ಕೊಟ್ಟೀರಿ. ಇವತ್ತ ಹೋಗಿ ಹೇಳಿ ಬರ್ರಿ."

"ಹುಚ್ಚಿ ಇದ್ದಿ. ಕಾಯಿ ಬಿಡಾಕ ಐದು ವರ್ಷ ಬೇಕು. ಅಷ್ಟರಾಗ..."

"ಅಷ್ಟರಾಗ ಏನು? ಮಾಸ್ತರು ಸಾಯ್ತಾರೇನು?"

"ನಾ ಹಂಗಂದ್ನೇನು!" ಗುರುಲಿಂಗ ತಾಟು ಸರಿಸಿ ಎದ್ದ. ಬಾಗಿಲಲ್ಲಿ ನಿಂತು ಧ್ವನಿ ತಗ್ಗಿಸಿ ಹೇಳಿದ. "ಅವರಿಗೆ ಹೇಳಿದ್ರ ಅಪ್ಪಗೂ ತಿಳೀತದ. ಕಣ್ಣು ಕಾಣೂದಿಲ್ಲಂತ ಊರಿಗೇ ತಿಳೀತದ. ಆ ಮನುಷ್ಯಾಗ ಇರೂದು ಅದೊಂದೇ ಕೆಲಸ. ಅದನ್ನೂ ಕಸಗೋತೀಯೇನು?"

ಹೊರಗೆ ದೌಲಪ್ಪ ಸಾಗವಾನಿ ಸಸಿಗಳ ನಡುವೆ ಕಳೆ ಕೀಳುತ್ತ, ತಮ್ಮಷ್ಟಕ್ಕೆ ತಾವೇ ಏನೋ ಗುನುಗುತ್ತಿದ್ದರು.

ಅಂಬಮ್ಮ ಬಂದದ್ದು ದೀಪಾವಳಿಯ ಎದುರಿಗೆ, ಮೊಮ್ಮಗನ ಜಾವಳದ ತಾರೀಕನ್ನೂ ಮಾತಾಡಿಕೊಂಡು. ಜ್ವರದಿಂದ ಎದ್ದ ಸೊಸೆಗೆಂದು ಒಂದು ಟಾನಿಕ್ ಬಾಟಲಿ ತಂದಿದ್ದಳು. "ದಿನಾ ಎರಡು ಚಮಚಾ ಕುಡಿ. ಕಹಿ ಅದ ಅಂತ ಚೆಲ್ಲಿಗಿಲ್ಲಿ" ಎಂದಳು. ಇಬ್ಬರೂ ಜೋಳ ಹಸನು ಮಾಡಲು ಕುಳಿತಾಗ ಸೂಗಮ್ಮ ಎಲ್ಲ ಹೇಳಿದಳು. ಅಂಬಮ್ಮ ಮೊರದಲ್ಲಿನ ಹರಳು ಆರಿಸುತ್ತಲೇ ಕೇಳಿದಳು.

"ಮಾವಗ ಗೊತ್ತೇನು?"

"ಇಲ್ಲತ್ತಿ."

"ಗೊತ್ತಾಗೂದು ಬ್ಯಾಡ."

"ಮಾಸ್ತರು..."

"ಮಾಸ್ತರರ ಋಣ ನನಗೂ ಗೊತ್ತದ. ಅವರ ಕೈಯಾಗ ನನ್ನ ಮಗಳು ಉಳದಾಳ. ಆದ್ರ ಇವರು ತಿಳಕೊಂಡ್ರ ಮೂಲ್ಯಾಗ ಕೂತು ಬಿಡ್ತಾರ, ಮತ್ತ ಏಳೂದಿಲ್ಲ. ನಾಲ್ವತ್ತು ವರ್ಷ ನೋಡೀನಿ. ನೀ ಬಾಯಿ ಬಿಡಬ್ಯಾಡ, ನನ್ನ ಆಣಿ ಅದ."

ಸೂಗಮ್ಮ ಆಣೆಗೆ ಕಟ್ಟುಬಿದ್ದಳು. ಆದರೆ ಅಂದಿನಿಂದ ಅವಳು ರೊಟ್ಟಿ ಬಡಿಯುತ್ತ ನಡುವೆಯೇ ನಿಂತುಬಿಡುವಳು, ಹಂಚಿನ ಮೇಲಿನದು ಹೊತ್ತುವುದು. ಅಂಬಮ್ಮ ಹೊತ್ತಿದ್ದನ್ನು ಮಾತಿಲ್ಲದೆ ತನ್ನ ತಾಟಿಗೆ ಹಾಕಿಕೊಳ್ಳುವಳು.

ಕಲಬುರಗಿಗೆ ಹೋಗುವ ಗುರುಲಿಂಗನ ಪಾಡು ಇನ್ನೂ ಕಷ್ಟವಾಗಿತ್ತು. ಗುರುವಾರ ಗುರುವಾರ ಜೇವರ್ಗಿ ಕಾಲೋನಿಯ ಆರು ಮನೆಗಳ ಬೇಲಿ ಕತ್ತರಿಸಿ ಗುಲಾಬಿಗೆ ಗೊಬ್ಬರ ಹಾಕುವುದು ಅವನ ಕೆಲಸ. ಮಹಾನಂದಾಳ ಮನೆಯ ಬೇಲಿಗೆ ಕತ್ತರಿ ಹಚ್ಚುತ್ತಲೇ ಆಚೆಯಿಂದ ಮಾಸ್ತರರು ಚಹಾ ಹಿಡಿದು ಬರುವರು.

"ಲೇ ಗುರುಲಿಂಗ, ಈ ಐತವಾರ ಹೋಗಿದ್ದೆ. ಎಲ್ಲಾ ಗಿಡಾ ಹೊಸಾ ಎಲಿ ಬಿಟ್ಟಾವ. ನೂರೈವತ್ತರಾಗ ಸತ್ತದ್ದು ಬರೇ ಎರಡು! ನಿಮ್ಮಪ್ಪನ ಕೈಗೆ ಸಲಾಂ ಹೇಳು."

"ಹೇಳ್ತೀನ್ರಿ ಸರ್."

"ಅರವತ್ತೈದರೊಳಗ ಸ್ವಂತ ಗಿಡದ ಹಣ್ಣು ತಿಂತೀನಿ ನೋಡು. ನಮ್ಮ ಬೇಗಂ ನಗ್ತಾಳ, ಅಲ್ಲೀತನಕ ಹಲ್ಲರೆ ಇರ್ತಾವೇನ್ರಿ ಅಂತಾಳ." ಅವರು ನಕ್ಕರು. "ಬ್ಯಾರೆ ಏನೂ ಆಶಾ ಇಲ್ಲಪ್ಪ ನನಗ. ಮೂವತ್ತೆರಡು ವರ್ಷ ಬೋರ್ಡಿನ ಮುಂದ ಖಡು ಹಿಡಿದೆ. ಇನ್ನ ಮಣ್ಣು ಹಿಡೀತೀನಿ."

ಗುರುಲಿಂಗ ಚಹಾದ ಲೋಟವನ್ನು ಬೇಲಿಯ ಬುಡದಲ್ಲಿಟ್ಟು, ತಲೆ ತಗ್ಗಿಸಿ ಕತ್ತರಿ ಆಡಿಸತೊಡಗಿದ. ಒಳಗಿನಿಂದ ಮಹಾನಂದಾ ನೋಡುತ್ತಿದ್ದಳು.

"ಅಣ್ಣಾ, ಮಾಸ್ತರರ ಕಂಡ್ರ ಯಾಕ ಮುಖಾ ಹಂಗ ಮಾಡ್ತಿ? ಏನರೆ ಅಂದ್ರೇನು ಅವರು?"

"ಅಂದಿದ್ರ ಛಲೋ ಇತ್ತು" ಎಂದು ಸೈಕಲ್ ಹತ್ತಿದ.

ಎಳ್ಳಮಾಸಿ ಬಂತು. ಆ ದಿನ ಈ ಕಡೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಹತ್ತು ತರದ ಕಾಳು-ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ, ದಾರಿಯಲ್ಲಿ ಸಿಕ್ಕವರನ್ನೂ ಕರೆಯುತ್ತಾರೆ. ದೌಲಪ್ಪ ಮಾಸ್ತರರನ್ನು ಕರೆಸಿದ್ದರು. ಮಹಾನಂದಾ ಮಕ್ಕಳೊಂದಿಗೆ ಅವರ ಜೊತೆಯಲ್ಲೇ ಬಸ್ಸಿಗೆ ಬಂದಳು.

ಬೇವಿನ ಗಿಡದ ಕೆಳಗೆ ಪಂಕ್ತಿ ಕೂತಿತು. ಸೂಗಮ್ಮ ಸೆರಗು ಹಣೆಯತನಕ ಎಳೆದುಕೊಂಡು ಬಡಿಸುತ್ತಿದ್ದಳು. ಮಾಸ್ತರರು ಮೊದಲ ತುತ್ತಿಗೇ ಭಜ್ಜಿ ಹೊಗಳಿ, ಆಮೇಲೆ ಅಂಗಿಯ ಜೇಬಿನಿಂದ ಲೆಕ್ಕ ಬರೆದ ಒಂದು ಕಾಗದ ತೆಗೆದರು.

"ದೌಲಪ್ಪಾರೆ, ಒಂದು ಮಾತು. ನಮ್ಮ ತಮ್ಮ ತನ್ನ ಪಾಲಿನ ನಾಕು ಎಕರೆ ನನಗ ಬಿಟ್ಟುಕೊಡ್ತೀನಿ ಅಂದಾನ. ಬರೂ ಮಿರಗಕ್ಕ ಇನ್ನೂ ನೂರೈವತ್ತು ಗಿಡಾ ಬೇಕು. ರಿಟೈರ್ ಆದಾಗ ಬಂದ ರೊಕ್ಕ ಎಲ್ಲಾನೂ ಇದರಾಗ ಹಾಕ್ತೀನಿ. ನಿಮ್ಮ ಗಿಡದ ಮ್ಯಾಲ ನನಗ ಭರೋಸಾ ಅದ."

"ಆಗ್ಲೇಳ್ರಿ ಮಾಸ್ತರೇ. ಅದಕ್ಕೇನು" ಎಂದರು ದೌಲಪ್ಪ ಹಿಗ್ಗಿ.

ಅಂಬಲಿಯ ತಂಬಿಗೆ ಹಿಡಿದ ಸೂಗಮ್ಮ ಅಲ್ಲೇ ನಿಂತಳು. ಅಂಬಮ್ಮ ಅವಳ ಮುಖ ನೋಡಿ, "ಸೂಗೂ, ಹುಡುಗರಿಗೆ ಹೋಳಿಗಿ ಹಾಕು" ಎಂದಳು. ಸೂಗಮ್ಮ ಕದಲಲಿಲ್ಲ.

"ಮಾವಾರೇ" ಎಂದಳು.

ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತು.

"ಮಾವಾರೇ, ಮಾಸ್ತರರಿಗೆ ಕೊಟ್ಟ ಗಿಡಾ ಕಲಮಿ ಅಲ್ಲ. ಜವಾರಿ ಅವ. ಕಡ್ಡಿ ಎಲ್ಲಾ ಒಣಗಿ ಹೋಗ್ಯಾವ."

"ಏ! ಬುದ್ಧಿ ಅದ ಇಲ್ಲ ನಿನಗ?" ಗುರುಲಿಂಗ ಎದ್ದು ನಿಂತ. "ಹಬ್ಬದ ದಿನ ಪಂಕ್ತಿಯಾಗ..."

"ಕೂಡು" ಎಂದರು ದೌಲಪ್ಪ. ಮಗನ ಕಡೆ ತಿರುಗಲಿಲ್ಲ. ಧ್ವನಿ ಬಂದ ಕಡೆಗೆ ಮುಖವೆತ್ತಿ ನೇರವಾಗಿ ಕೇಳಿದರು. "ಎಷ್ಟರ ಮ್ಯಾಲ ಕಟ್ಟಿದ್ದಿ?"

"ಗೇಣು ಮ್ಯಾಲ ರೀ. ಹ್ವಾದ ವರ್ಷದ ಸಸಿ, ಬುಡ ಗಟ್ಟಿ ಇತ್ತು."

ಅವರ ಬಲಗೈ ತಾಟಿನ ಅಂಚಿನಿಂದ ಮೆಲ್ಲಗೆ ಮೇಲೇರಿತು. ಹೆಬ್ಬೆರಳು ಕಿರುಬೆರಳು ಅಗಲಿಸಿ ಗಾಳಿಯಲ್ಲೇ ಒಮ್ಮೆ ಅಳೆದು, ಹಾಗೇ ಕೆಳಗಿಳಿಯಿತು.

"ಇದು ಹ್ಯಾಂಗಾತವ್ವಾ?" ಎಂದು ಮಾಸ್ತರರು ಕೇಳಿದರು. ಅವರ ಧ್ವನಿ ಗಟ್ಟಿಯಾಗಿರಲಿಲ್ಲ.

ಸೂಗಮ್ಮ ಗಂಡನನ್ನು ನೋಡಿದಳು. ಮಾವನನ್ನು ನೋಡಿದಳು. ಅತ್ತೆಯ ಕಣ್ಣು ತುಂಬಿದ್ದವು.

"ನನ್ನ ತಪ್ಪಾತ್ರಿ ಸರ್. ಕಟ್ಟಿದಾಕಿ ನಾ. ಬರೂ ಮಳಿಗಾಲಕ್ಕ ನಿಮ್ಮ ಹೊಲಕ್ಕ ಬಂದು ಅಲ್ಲೇ ಮತ್ತ ಕಟ್ಟಿಕೊಡ್ತೀನಿ. ಬೇರು ಛಲೋ ಹತ್ಯಾವ. ಒಂದು ವರ್ಷ ಅಷ್ಟೇ ಹ್ವಾದಂಗ."

"ಅಷ್ಟೇ?" ಎಂದರು ಮಾಸ್ತರರು. "ನನ್ನ ವಯಸ್ಸಿನಾಗ ಒಂದು ವರ್ಷ ಅಷ್ಟೇ ಅಲ್ಲ ತಂಗಿ." ಕಾಗದ ಮಡಚಿ ಜೇಬಿಗಿಟ್ಟುಕೊ‍ಂಡರು. ತಾಟಿನಲ್ಲಿದ್ದುದನ್ನು ಬಿಡದೆ ಉಂಡರು, ಅಂಬಮ್ಮನಿಗೆ ಕೈಮುಗಿದು ಒಬ್ಬರೇ ಬಸ್ಸಿಗೆ ಹೊರಟರು. ಗುರುಲಿಂಗ ಸೈಕಲ್ ತೆಗೆದುಕೊಂಡು ಹಿಂದೆ ಹೋದ. "ನಡಕೊಂಡ ಹೋಗ್ತೀನಪ್ಪ" ಎಂದರಂತೆ.

ದೌಲಪ್ಪ ಮರುದಿನದಿಂದ ನರ್ಸರಿಗೆ ಇಳಿಯಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತರು. ಅಂಬಮ್ಮ ಸೊಸೆಯೊಡನೆ ಮಾತು ಬಿಟ್ಟಳು. ಉಪ್ಪು ಬೇಕಾದರೆ ತಾನೇ ಎದ್ದು ತೆಗೆದುಕೊಳ್ಳುವಳು. ಇಡೀ ಮನೆಯಲ್ಲಿ ಯಾರ ಮೂಲಕ ಯಾರಿಗೆ ಮಾತು ಮುಟ್ಟಿಸಬೇಕೆಂಬುದೇ ತಿಳಿಯದಂತಾಯಿತು. ಗುರುಲಿಂಗ ಒಂದು ಸಂಜೆ ಹಿತ್ತಲಲ್ಲಿ ಕೊಡ ತುಂಬುತ್ತಿದ್ದ ಹೆಂಡತಿಯ ಹತ್ತಿರ ಬಂದು, "ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿದ.

"ನೀವ ಹೇಳ್ತೀರಂತ ಬಿಟ್ಟೆ."

ಅವನು ಕೊಡ ಎತ್ತಿ ಒಳಗೊಯ್ದ. ಹೇಳಲಿಲ್ಲ.

ಸುದ್ದಿ ಮಾತ್ರ ಸುಮ್ಮನೆ ಕೂರಲಿಲ್ಲ. ಬೇಸಿಗೆ ಕಳೆದು ಮಿರಗ ಹತ್ತಿರವಾಗುವ ಹೊತ್ತಿಗೆ ಕಮಲಾಪುರದ ಸಂತೆಯಲ್ಲಿ ಒಂದೇ ಮಾತು: ದೌಲಪ್ಪನ ಸೊಸೆ ಕಲಮಿ ಕೆಡಿಸಿದಳಂತೆ. ಗಿಡ ಕೊಳ್ಳಲು ಬಂದವರು ಚಪ್ಪರದ ಕೆಳಗೆ ಬಗ್ಗಿ ನೋಡಿ, "ಇವು ಯಾರು ಕಟ್ಟಿದ್ದು? ಸೊಸಿ ಕಟ್ಟಿದ್ದು ಬ್ಯಾಡ್ರಿ" ಎನ್ನುವರು. ಹಳೆಯ ಗಿರಾಕಿ ನಬಿಸಾಬ್ ನಿಂಬೆ ಸಸಿಯನ್ನೂ ಎರಡೆರಡು ಸಲ ಮೂಸಿ ನೋಡಿದ. ಸೂಗಮ್ಮ ಚಾಕುವನ್ನು ಒರೆಸಿ ಗೂಡಿನಲ್ಲಿಟ್ಟು ಬೇವಿನ ಸಸಿಗೆ ನೀರುಣಿಸಲು ಹೋದಳು. ಪಡಸಾಲೆಯಲ್ಲಿ ಕೂತವರಿಗೆ ಇದೆಲ್ಲ ಕೇಳಿಸುತ್ತಿತ್ತು.

ಜೂನ್ ಕೊನೆಗೆ ಮಾಸ್ತರರು ಬಂದರು. ಒಳಗೆ ಬರಲಿಲ್ಲ, ಗೇಟಿನಲ್ಲೇ ನಿಂತು ಗುರುಲಿಂಗನೊಡನೆ ಮಾತಾಡಿದರು.

"ಬ್ಯಾರೆ ಮಾಲಿ ಯಾರೂ ಸಿಗೂದಿಲ್ಲೇನಪ್ಪ? ಆ ಹೆಣ್ಮಗಳ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಮತ್ತ ಅದೇ ಕೈಯಾಗ ಕೊಡಾಕ ಮನಸ್ಸು ಹಿಂಜರೀತದ."

"ಈ ಕಡೀಗೆ ಮತ್ಯಾರೂ ಇಲ್ರಿ ಸರ್" ಎಂದ ಗುರುಲಿಂಗ. ಅಷ್ಟೇ ಹೇಳಿದ.

ಮಾಸ್ತರರು ತಿರುಗಿ ಹೊರಡುತ್ತ, "ಹಂಗಾದ್ರ ಕಳಸು" ಎಂದರು.

ಜುಲೈ ಎರಡನೆಯ ವಾರ ಮೋಡ ಮುಚ್ಚಿ ಹವೆ ತಂಪಾದಾಗ ಸೂಗಮ್ಮ ನೂರಜಹಾನ್‌ಳನ್ನು ಕರೆದುಕೊಂಡು ತಾಜಸುಲ್ತಾನಪುರಕ್ಕೆ ಹೋದಳು. ತಾಯಿಮರದಿಂದ ಕೊಯ್ದ ಬೇನಿಶಾನ್ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಲೆ ಕಟ್ಟಿ ಒಯ್ದಳು. ಕಡ್ಡಿಯ ತುದಿ ಕೆತ್ತಿದ ಮೇಲೆ ತಡಮಾಡುವಂತಿಲ್ಲ, ಗಾಳಿ ತಾಕಿದರೆ ಒಣಗಿಬಿಡುತ್ತದೆ. ಮೊದಲ ದಿನ ಐವತ್ತು ಗಿಡ ಮುಗಿದವು. ಮಾಸ್ತರರು ಬದುವಿನ ಮೇಲೆ ಕೊಡೆ ಹಿಡಿದು ಕೂತು ಅವಳ ಪ್ರತಿ ಗಂಟನ್ನೂ ನೋಡಿದರು. ಸಂಜೆ ಎಲ್ಲವನ್ನೂ ಮತ್ತೊಮ್ಮೆ ತಾವೇ ಮುಟ್ಟಿ ಪರೀಕ್ಷಿಸಿದರು. ಸೂಗಮ್ಮ ಅವರ ಹಿಂದೆ ನಿಂತಿದ್ದಳು.

ಎರಡನೆಯ ದಿನ ಮುಂಜಾನೆ ಅವಳು ಬುತ್ತಿ ಕಟ್ಟುತ್ತಿದ್ದಾಗ ದೌಲಪ್ಪ ಮೂಲೆಯಿಂದ ಎದ್ದು ತಲೆಗೆ ಪಟಗ ಸುತ್ತತೊಡಗಿದರು.

"ಎಲ್ಲಿಗಿ ಹೊಂಟೀರಿ?" ಎಂದಳು ಅಂಬಮ್ಮ.

"ತಾಜಸುಲ್ತಾನಪುರಕ."

"ಅಲ್ಲಿ ನಿಮಗೇನು ಕೆಲಸ ಅದ? ಎಡವಿ ಬಿದ್ದು ಗಿದ್ದೀರಿ."

"ಕೆಲಸ ಇಲ್ಲ. ಮಾತದ."

ಅಂಬಮ್ಮ ಗಂಡನನ್ನೇ ನೋಡಿದಳು. ಮತ್ತೇನೂ ಕೇಳದೆ ಒಳಗೆ ಹೋಗಿ, ಇನ್ನೆರಡು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿಯ ಚಟ್ನಿಪುಡಿ ತಂದು ಸೂಗಮ್ಮನ ಬುತ್ತಿಯ ಮೇಲಿಟ್ಟಳು. "ಹಿಂಡಿ ನಿನಗೂ ಅದ. ಅವರಿಗಷ್ಟೇ ಹಾಕಬ್ಯಾಡ" ಎಂದಳು. ಆರು ತಿಂಗಳ ಮೇಲೆ ಸೊಸೆಗೆ ಆಡಿದ ಮೊದಲ ಮಾತು ಅದು.

ಬಸ್ಸಿನಲ್ಲಿ ಕಂಡಕ್ಟರು ಮುದುಕರ ಕೈಹಿಡಿದು ಹತ್ತಿಸಿ, ಮುಂದಿನ ಸೀಟಿನವನನ್ನು ಎಬ್ಬಿಸಿ ಕೂರಿಸಿದ. ದೌಲಪ್ಪ ದಾರಿಯುದ್ದಕ್ಕೂ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಬಸ್ಸಿಳಿದು ಹೊಲದ ತನಕ ನೂರಜಹಾನ್ ಕೋಲಿನ ಇನ್ನೊಂದು ತುದಿ ಹಿಡಿದು, "ಇಲ್ಲೊಂದು ಕಾಲುವಿ ಅದ ಮುತ್ಯಾ, ದೊಡ್ಡ ಹೆಜ್ಜಿ ಹಾಕು" ಎನ್ನುತ್ತ ನಡೆಸಿದಳು.

ಮಾಸ್ತರರು ಬದುವಿನಿಂದ ಎದ್ದರು. "ದೌಲಪ್ಪಾರೆ? ನೀವ್ಯಾಕ ಬರಾಕ ಹೋದ್ರಿ ಇಷ್ಟು ದೂರ? ಬರ್ರಿ, ಇಲ್ಲಿ ಕೂಡ್ರಿ." ಹೊಲದಲ್ಲಿ ಗುಂಡಿ ತೆಗೆಯುತ್ತಿದ್ದ ನಾಲ್ಕು ಆಳುಗಳು ತಲೆಯೆತ್ತಿ ನೋಡಿದರು. ಅವರೂ ಕಮಲಾಪುರದ ಸಂತೆಯ ಮಾತು ಕೇಳಿದವರೇ.

ದೌಲಪ್ಪ ಕೂಡಲಿಲ್ಲ. ಕೋಲು ಊರಿ ನಿಂತೇ ಮಾತಾಡಿದರು.

"ಮಾಸ್ತರೇ, ಗಿಡಾ ಕೆಡಿಸಿದಾಂವ ನಾನು. ಆಕಿ ಬರೋಬ್ಬರಿ ಕಟ್ಟಿದ್ದಳು. ಚಿವುಟಿದಾಂವ ನಾ. ನನಗ ಕಣ್ಣು ಕಾಣೂದಿಲ್ಲ. ಬೆರಳಿನ ಲೆಕ್ಕದಾಗ ಚಿವುಟಿದೆ, ಲೆಕ್ಕ ತಪ್ತು. ಎಳ್ಳಮಾಸಿ ದಿನಾನ ನನಗ ತಿಳೀತು. ಸುಮ್ಮ ಕೂತೆ. ತಪ್ಪು ಆಕಿ ಮ್ಯಾಲ ಹೋಗಲಿ ಅಂತ ಕೂತೆ."

ಮಾಸ್ತರರು ಕೊಡೆ ಮಡಚಿ ಬದುವಿಗೆ ಒರಗಿಸಿ, ದೌಲಪ್ಪನವರ ಮುಖದ ಮುಂದೆ ಸಣ್ಣಗೆ ಕೈಯಾಡಿಸಿ ನೋಡಿದರು. ರೆಪ್ಪೆ ಮಿಟುಕಲಿಲ್ಲ. ಅವರು ಆ ಕೈಯನ್ನು ಹಾಗೇ ಇಳಿಸಿ ಮುದುಕರ ತೋಳು ಹಿಡಿದರು.

"ಎಷ್ಟು ದಿನಾ ಆತು ಹಿಂಗ?"

"ಐದು ವರ್ಷ ಆತ್ರಿ" ಎಂದರು ದೌಲಪ್ಪ. ನಂತರ ಆಳುಗಳಿದ್ದ ಕಡೆ ಎಂದು ತಮಗೆ ತೋರಿದ ದಿಕ್ಕಿಗೆ ತಿರುಗಿ ಧ್ವನಿ ಏರಿಸಿದರು. "ಕೇಳಿದ್ರೇನಪ್ಪ? ಸಂತ್ಯಾಗ ಹೇಳ್ರಿ ಇದನ್ನೂ. ದೌಲಪ್ಪನ ಸೊಸಿ ಕೆಡಿಸಲಿಲ್ಲ, ದೌಲಪ್ಪ ಕೆಡಿಸಿದ ಅಂತ."

ಎರಡು ಸಾಲು ಆಚೆ, ಗಿಡದ ಮುಂದೆ ಮಂಡಿಯೂರಿದ್ದ ಸೂಗಮ್ಮನ ಕೈಯಲ್ಲಿ ಆಗಷ್ಟೇ ಕೆತ್ತಿದ ಕಡ್ಡಿ ಇತ್ತು. ಚಾಕು ನೆಲಕ್ಕೆ ಬಿದ್ದಿತ್ತು. ಅವಳಿಗೆ ಮುಂದಿನದೇನೂ ಕಾಣುತ್ತಿರಲಿಲ್ಲ, ಸೆರಗಿನಿಂದ ಎಷ್ಟು ಒರೆಸಿಕೊಂಡರೂ ಕಣ್ಣು ತುಂಬುತ್ತಲೇ ಇದ್ದವು.

ದೌಲಪ್ಪ ಒಂದು ಕ್ಷಣ ಕಿವಿಗೊಟ್ಟು ನಿಂತರು. ಕೆತ್ತುವ ಸದ್ದು ನಿಂತುಹೋಗಿತ್ತು.

"ಸೂಗಮ್ಮ" ಎಂದು ಕರೆದರು. "ಅಳಾಕ ಸಂಜಿ ಅದ. ಕಡ್ಡಿ ಒಣಗ್ತದ, ಕಟ್ಟು."

"ಹೂಂ ರೀ ಮಾವಾರೇ" ಎಂದಳು ಅವಳು, ಚಾಕು ಹುಡುಕುತ್ತ.